ಹಿಮಾಲಯನ್ನಿಗೊಂದು ಸೀರೆ ಗಾರ್ಡು

ಅರವತ್ತೇಳನೆಯ ವಯಸ್ಸಿನಲ್ಲಿ ನಾನೊಂದು ಮೋಟಾರ್ ಸೈಕಲ್ ಕೊಂಡೆನೆಂಬ ಸುದ್ದಿ ನಮ್ಮ ಬಂಧುವರ್ಗದಲ್ಲಿ ಹಬ್ಬಿದ ವೇಗವನ್ನು ನೋಡಿದರೆ, ಆ ಮೋಟಾರ್ ಸೈಕಲ್ಲಿಗೂ ಅಷ್ಟು ವೇಗವಿಲ್ಲವೆಂದೇ ಹೇಳಬೇಕು. ಮೈಸೂರಿನಿಂದ ಅಕ್ಕ ಫೋನು ಮಾಡಿ, "ರಿಟೈರಾದ ಮೇಲೆ ಜನ ಕಾಶಿಗೆ ಹೋಗ್ತಾರೆ, ನೀನು ಎಲ್ಲಿಗೆ ಹೊರಟೆಯೋ?" ಎಂದು ಕೇಳಿದಳು. ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ನಿಮ್ಮ ಯೆಜ್ಡಿಯ ಸದ್ದು ಗೇಟಿನ ಹತ್ತಿರ ಕೇಳಿದ ಕೂಡಲೇ ನಾವು ಪುಸ್ತಕ ತೆಗೆದು ಕೂತುಬಿಡುತ್ತಿದ್ದೆವು. ಹೊಸ ಗಾಡಿಗೂ ಅಂಥ ಸದ್ದಿದೆಯೇ?" ಎಂದು ಬರೆದಿದ್ದಾನೆ. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ನಲವತ್ತು ವರ್ಷ ಇತಿಹಾಸ ಪಾಠ ಮಾಡಿದವನಾದ್ದರಿಂದ ನೇರವಾಗಿ ವಿಷಯಕ್ಕೆ ಬರುವುದು ನನಗೆ ಸಾಧ್ಯವಿಲ್ಲವೆಂಬುದು ನಿಮಗೆಲ್ಲ ತಿಳಿದೇ ಇದೆ.

ಮೊದಲು ಯೆಜ್ಡಿಯ ವಿಷಯ. ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಕೊಂಡ. ಎರಡು ಹೆಸರುಗಳ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಆ ಜಾವಾ ನಮ್ಮ ಮೈಸೂರಿಗೆ ಬಂದುದು ಇರಾನಿ ಮನೆತನದವರ ಪ್ರಯತ್ನದಿಂದ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಗಳು 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ ಬಂದ 'ರೋಡ್‌ಕಿಂಗ್' ಎಂಬ ಮಾದರಿಯೊಂದನ್ನು ನಾನು 1984ರಲ್ಲಿ ಕೊಂಡೆ. ಅದೂ ಸೆಕೆಂಡ್ ಹ್ಯಾಂಡ್. ಬ್ಯಾಂಕಿನ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಾರಿದ್ದು. ನನ್ನ ಬದುಕಿನಲ್ಲಿ ಹೊಸ ಗಾಡಿಯೆಂಬುದು ಇದುವರೆಗೆ ಬಂದೇ ಇಲ್ಲ.

ಯೆಜ್ಡಿಯನ್ನು ಓಡಿಸಿದವರಿಗೆ ಅದರ ವಿಚಿತ್ರಗಳು ಗೊತ್ತು. ಇದ್ದುದು ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಬೆರಸುವ ಪ್ರಮಾಣ ತಪ್ಪಿದರೆ ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಹೊಗೆ. ಹಿಂದಿನ ಒಡೆಯರು ಆ ಗಾಡಿಯನ್ನು ಒಂಟಿಯಾಗಿ ಓಡಿಸುತ್ತಿದ್ದವರು. ಚೆಂದ ಕಾಣಲೆಂದು ಎಡಬದಿಯ ಸೀರೆ ಗಾರ್ಡನ್ನು ಬಿಚ್ಚಿಸಿಬಿಟ್ಟಿದ್ದರು. ನಾನಾದರೋ ಅದನ್ನು ಗಮನಿಸಿದೆ, ಗಮನಿಸಿಯೂ ಹಾಕಿಸಲಿಲ್ಲ. ಆ ತಿಂಗಳ ಸಂಬಳದಲ್ಲಿ ಉತ್ತರಪತ್ರಿಕೆಗಳನ್ನು ಒಯ್ಯಲು ಹಿಂಬದಿಗೊಂದು ಕ್ಯಾರಿಯರ್ ಹಾಕಿಸುವುದು ಹೆಚ್ಚು ಅಗತ್ಯವೆಂದು ನನಗೆ ತೋರಿತು.

1985ರ ಫೆಬ್ರವರಿಯಲ್ಲಿ ಮದುವೆಮನೆಯೊಂದರಿಂದ ಹಿಂದಿರುಗುವಾಗ ನನ್ನ ಪತ್ನಿಯ ಸೀರೆಯ ಸೆರಗು ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ಏರುದಾರಿಯಾದ್ದರಿಂದ ವೇಗವಿರಲಿಲ್ಲ, ಅದೇ ಪುಣ್ಯ. ಆಕೆ ಎಡಕ್ಕೆ ಬಿದ್ದಳು. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅದು ಕೂಡಿಕೊಂಡದ್ದು ತುಸು ಸೊಟ್ಟಗೆ. ಇಂದಿಗೂ ಚಪಾತಿ ಲಟ್ಟಿಸುವಾಗ ಆ ಕೈಯನ್ನು ನೋಡಿದರೆ ಅದು ತಿಳಿಯುತ್ತದೆ. ಗಾರ್ಡನ್ನು ಮರುದಿನವೇ ಹಾಕಿಸಿದೆ. ಒಂದು ದಿನ ತಡವಾಗಿ. ಆ ಬಗ್ಗೆ ಆಕೆ ಈ ಮೂವತ್ತೊಂಬತ್ತು ವರ್ಷಗಳಲ್ಲಿ ಒಂದು ಮಾತನ್ನೂ ಆಡಿದವಳಲ್ಲ. ಅನಂತರವೂ ಹದಿಮೂರು ವರ್ಷ ಅದೇ ಗಾಡಿಯ ಹಿಂದೆ ಕುಳಿತಳು. ಮಗಳಿಗೆ ಜ್ವರ ನೆತ್ತಿಗೇರಿದ್ದ ಒಂದು ಆಷಾಢದ ರಾತ್ರಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಸಾಗರದವರೆಗೆ ಬಂದವಳು ಆಕೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬಿಡಿಭಾಗಗಳು ಸಿಗುವುದು ಕಷ್ಟವಾಗುತ್ತ ಬಂತು. 1998ರಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆಂದು ಗಾಡಿಯನ್ನು ಮಾರಿದೆ. ಆ ಮೇಲೆ ಬಂದವು ಸ್ಕೂಟರುಗಳು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಈಗ ಹಿಮಾಲಯನ್. ರಾಯಲ್ ಎನ್‌ಫೀಲ್ಡಿನವರು 2016ರ ಮಾರ್ಚಿಯಲ್ಲಿ ಹೊರತಂದ ಗಾಡಿ. 411 ಸಿಸಿಯ ಒಂದೇ ಸಿಲಿಂಡರು, ಸುಮಾರು 24 ಕುದುರೆಯ ಬಲ, ಮುಂದೆ 21 ಇಂಚಿನ ಚಕ್ರ, ಹಿಂದೆ 17 ಇಂಚಿನದು. ಸೀಟಿನ ಎತ್ತರ 800 ಮಿಲಿಮೀಟರ್, ನೆಲಕ್ಕೂ ಎಂಜಿನ್ನಿನ ಅಡಿಗೂ ನಡುವೆ 220 ಮಿಲಿಮೀಟರ್. 2023ರ ಕೊನೆಯಲ್ಲಿ 450ರ ಹೊಸ ಮಾದರಿ ಬಂದು ಇದರ ತಯಾರಿಕೆ ನಿಂತಿತು. ಸಹಜವಾಗಿಯೇ ಹಳೆಯವು ಮಾರಾಟಕ್ಕೆ ಬಂದವು. ನಾನು 2024ರ ಮಾರ್ಚಿಯಲ್ಲಿ ಬೆಂಗಳೂರಿನ ತರುಣನೊಬ್ಬನಿಂದ 31,000 ಕಿಲೋಮೀಟರ್ ಓಡಿದ್ದ 2019ರ ಗಾಡಿಯೊಂದನ್ನು ಕೊಂಡೆ. 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗಿ ಆರ್‌ಸಿ ನನ್ನ ಹೆಸರಿಗೆ ಬರಲು ಹಿಡಿದ ಕಾಲದಲ್ಲಿ ಒಂದು ಸಣ್ಣ ಕಾದಂಬರಿಯನ್ನು ಬರೆಯಬಹುದಿತ್ತು. ಆ ಮಾತು ಬೇಡ.

ಆ ಹುಡುಗ ಗಾಡಿಯನ್ನು ಬಹಳ ಪ್ರೀತಿಯಿಂದ ಅಲಂಕರಿಸಿದ್ದ. ಮುಂದೆ ಕಣ್ಣು ಕುಕ್ಕುವ ಎರಡು ಫಾಗ್ ಲ್ಯಾಂಪುಗಳು, ಸುತ್ತ ಕಬ್ಬಿಣದ ಗಾರ್ಡುಗಳು, ಹಿಂದೆ ಬೀರುವಿನಂಥ ಒಂದು ಪೆಟ್ಟಿಗೆ, ಮತ್ತು ಇಡೀ ಊರಿಗೆ ಕೇಳಿಸುವ ಸೈಲೆನ್ಸರ್. ಸಾಗರದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಾಡಿಯನ್ನು ಸುತ್ತು ಹಾಕಿ ನೋಡಿ, "ಸರ್, ಇದಕ್ಕೆ ಹಾಕಬೇಕಾದ್ದು ಏನೂ ಇಲ್ಲ. ತೆಗೀಬೇಕಾದ್ದೇ ಜಾಸ್ತಿ" ಎಂದ. ಭೂಗೋಳದಲ್ಲಿ ಸದಾ ಮೂವತ್ತೈದು ಅಂಕದ ಗಡಿಯಲ್ಲಿ ನಿಲ್ಲುತ್ತಿದ್ದ ಹುಡುಗ. ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ವಿದ್ವಾಂಸರಿಂದಲೂ ಕೇಳಿದ್ದು ಕಡಿಮೆ.

ಆದರೆ ಆ ತರುಣನನ್ನು ಗೇಲಿ ಮಾಡುವ ಅಧಿಕಾರ ನನಗಿಲ್ಲ. ಏಕೆಂದರೆ ಈ ಜಾತಿಯ ಗಾಡಿಯ ಇತಿಹಾಸವೇ ಮಾರ್ಪಾಡಿನ ಇತಿಹಾಸ. ಇಂದು 'ಅಡ್ವೆಂಚರ್ ಬೈಕ್' ಎಂದು ಕಂಪನಿಗಳು ಮಾರುವ ವಸ್ತುವನ್ನು ಮೊದಲು ಮಾಡಿಕೊಂಡವರು ಸವಾರರೇ. ಅಮೆರಿಕದ ರಾಬರ್ಟ್ ಫುಲ್ಟನ್ ಎಂಬಾತ 1932ರಲ್ಲಿ ಲಂಡನ್ನಿನಿಂದ ಡಗ್ಲಸ್ ಎಂಬ ಬ್ರಿಟಿಷ್ ಮೋಟಾರ್ ಸೈಕಲ್ಲಿನಲ್ಲಿ ಹೊರಟು, ಭಾರತವನ್ನೂ ಹಾದು, ಮರುವರ್ಷದ ಕೊನೆಗೆ ನ್ಯೂಯಾರ್ಕ್ ಸೇರಿದ. ಆ ಗಾಡಿಗೆ ಹೆಚ್ಚುವರಿ ಪೆಟ್ರೋಲ್ ಟ್ಯಾಂಕು ಹಾಕಿಸಿಕೊಂಡಿದ್ದ. ಎಂಜಿನ್ನಿಗೆ ಕಲ್ಲು ತಾಗದಂತೆ ಅಡಿಗೆ ಹಾಕಿಸಿದ್ದ ತಗಡಿನ ಮರೆಯಲ್ಲಿ ಒಂದು ಪಿಸ್ತೂಲನ್ನೂ ಅಡಗಿಸಿಟ್ಟಿದ್ದನಂತೆ. ಇಂದಿನ ಗಾಡಿಗಳಲ್ಲಿಯೂ ಆ ತಗಡು ಉಂಟು, ಪಿಸ್ತೂಲು ಮಾತ್ರ ಇಲ್ಲ. 1973ರಲ್ಲಿ ಲೋಕಸಂಚಾರಕ್ಕೆ ಹೊರಟ ಟೆಡ್ ಸೈಮನ್ ಎಂಬ ಪತ್ರಕರ್ತ ಆರಿಸಿಕೊಂಡದ್ದು 500 ಸಿಸಿಯ ಟ್ರಯಂಫ್. ಅದು ಸಾಧಾರಣ ರಸ್ತೆಗೆಂದೇ ಮಾಡಿದ ಗಾಡಿ. ನಾಲ್ಕು ವರ್ಷ ಅದರಲ್ಲೇ ತಿರುಗಿದ, ಭಾರತಕ್ಕೂ ಬಂದ. ಎಲ್ಸ್‌ಪೆತ್ ಬಿಯರ್ಡ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳ ಕಥೆ ನನಗೆ ಇನ್ನೂ ಮೆಚ್ಚುಗೆಯದು. ವಾಸ್ತುಶಿಲ್ಪದ ವಿದ್ಯಾರ್ಥಿನಿಯಾಗಿದ್ದ ಆಕೆ 1982ರಲ್ಲಿ ಹಳೆಯ ಬಿಎಂಡಬ್ಲ್ಯೂ ಒಂದನ್ನೇರಿ ಹೊರಟಳು. ಅದು ಆಕೆಯದೂ ಸೆಕೆಂಡ್ ಹ್ಯಾಂಡ್ ಗಾಡಿಯೇ. ಸಿಡ್ನಿಯಲ್ಲಿ ಕೆಲಸ ಮಾಡಿ ಹಣ ಕೂಡಿಸುತ್ತಿದ್ದಾಗ ಅಲ್ಯುಮಿನಿಯಂ ಹಾಳೆಗಳನ್ನು ಬಗ್ಗಿಸಿ, ಜೋಡಿಸಿ ಸಾಮಾನಿನ ಪೆಟ್ಟಿಗೆಗಳನ್ನು ತಾನೇ ಮಾಡಿಕೊಂಡಳು. ಇಂದು ಅಂಥ ಅಲ್ಯುಮಿನಿಯಂ ಪೆಟ್ಟಿಗೆಗಳನ್ನು ಸಾವಿರಾರು ರೂಪಾಯಿಗಳಿಗೆ ಮಾರುತ್ತಾರೆ.

ಕಾರ್ಖಾನೆಗಳು ಎಚ್ಚೆತ್ತದ್ದು ಆಮೇಲೆ. ಬಿಎಂಡಬ್ಲ್ಯೂ ಕಂಪನಿಯ ಎಂಜಿನಿಯರ್ ಲಾಸ್ಲೋ ಪೆರೆಸ್ 1970ರ ದಶಕದ ಕೊನೆಯಲ್ಲಿ ಕಂಪನಿಯ ರಸ್ತೆಗಾಡಿಯ ಭಾರಿ ಎಂಜಿನ್ನನ್ನು ಕಾಡುಮೇಡಿನ ಸ್ಪರ್ಧೆಗೆ ಒಗ್ಗಿಸಿ ತಾನು ಓಡಿಸಲೆಂದೇ ಒಂದು ಗಾಡಿ ಕಟ್ಟಿದ. ಅದು ದಾರಿ ತೋರಿಸಿತು. 1980ರಲ್ಲಿ 'ಆರ್ 80 ಜಿ/ಎಸ್' ಮಾರುಕಟ್ಟೆಗೆ ಬಂತು. ಜರ್ಮನ್ ಭಾಷೆಯಲ್ಲಿ 'ಜಿ' ಎಂದರೆ ಹಾದಿಯಿಲ್ಲದ ನೆಲ, 'ಎಸ್' ಎಂದರೆ ರಸ್ತೆ. ಎರಡರ ನಡುವಿನ ಆ ಓರೆಗೆರೆಯಲ್ಲಿಯೇ ಈ ಜಾತಿಯ ಗಾಡಿಗಳೆಲ್ಲ ಹುಟ್ಟಿದವೆನ್ನಬಹುದು.

ಇನ್ನೊಂದು ಕವಲು ಮರಳುಗಾಡಿನಿಂದ ಬಂತು. ಥಿಯೆರಿ ಸಬೀನ್ ಎಂಬ ಫ್ರೆಂಚ್ ಸವಾರ 1977ರಲ್ಲಿ ಅಬಿಜಾನ್‌ನಿಂದ ನೀಸ್‌ವರೆಗಿನ ಸ್ಪರ್ಧೆಯಲ್ಲಿ ಲಿಬಿಯಾದ ಮರಳಿನಲ್ಲಿ ದಾರಿ ತಪ್ಪಿ ಸಾವಿನ ಬಾಯಿಯಿಂದ ಪಾರಾದ. ಬೇರೆಯವರಾಗಿದ್ದರೆ ಮರಳಿನ ಹೆಸರೆತ್ತುತ್ತಿರಲಿಲ್ಲ. ಆತ 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಡಕಾರ್‌ಗೆ ಸ್ಪರ್ಧೆಯನ್ನೇ ಹೊರಡಿಸಿದ! ಮೊದಲ ವರ್ಷ ಮೋಟಾರ್ ಸೈಕಲ್ಲಿನಲ್ಲಿ ಗೆದ್ದವನು ಸಿರಿಲ್ ನೆವೂ, ಯಮಹಾ ಎಕ್ಸ್‌ಟಿ 500ರಲ್ಲಿ. 1981ರಲ್ಲಿ ಯುಬೇರ್ ಓರಿಯೋಲ್ ಬಿಎಂಡಬ್ಲ್ಯೂನಲ್ಲಿ ಗೆದ್ದ. ಮರಳುಗಾಡಿನಲ್ಲಿ ಪೆಟ್ರೋಲ್ ಬಂಕುಗಳಿಲ್ಲವಾದ್ದರಿಂದ ಸ್ಪರ್ಧಾಳುಗಳು ದೊಡ್ಡ ಟ್ಯಾಂಕುಗಳನ್ನು ಕಟ್ಟಿಸಿಕೊಂಡರು. ಅದನ್ನು ಕಂಡು ಯಮಹಾ ಕಂಪನಿ 1983ರಲ್ಲಿ ಸುಮಾರು 30 ಲೀಟರಿನ ಟ್ಯಾಂಕುಳ್ಳ 'ಟೆನೆರೆ' ಗಾಡಿಯನ್ನು ಸಾಮಾನ್ಯರಿಗೂ ಮಾರಿತು. ಕೊಂಡವರಲ್ಲಿ ಎಷ್ಟು ಮಂದಿ ಸಹಾರಾ ಕಂಡರೆಂಬುದು ಬೇರೆ ಮಾತು. ಸಬೀನ್ 1986ರ ಸ್ಪರ್ಧೆಯ ವೇಳೆ ಮಾಲಿ ದೇಶದಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ ಮರಳಿನ ಬದಲು ಹಿಮಾಲಯ. ಲಡಾಖ್ 1974ರಲ್ಲಿ ಪ್ರವಾಸಿಗಳಿಗೆ ತೆರೆಯಿತು. ಆ ಮೇಲಿನ ದಶಕಗಳಲ್ಲಿ ಬುಲೆಟ್ಟುಗಳಿಗೆ ಕ್ಯಾನು, ಹಗ್ಗ, ಕಬ್ಬಿಣದ ಚೌಕಟ್ಟು ಕಟ್ಟಿಕೊಂಡು ಹುಡುಗರು ಆ ಕಣಿವೆಗಳನ್ನು ಏರಿದರು. ಅವರ ಆ ಕಟ್ಟುವಿಕೆಯನ್ನು ಕಾರ್ಖಾನೆ ಗುರುತಿಸಿದ್ದರ ಫಲವೇ ಹಿಮಾಲಯನ್. ಟ್ಯಾಂಕಿನ ಎರಡೂ ಬದಿಗಿರುವ ಕಬ್ಬಿಣದ ಚೌಕಟ್ಟನ್ನು ನೋಡಿದಾಗಲೆಲ್ಲ ನನಗೆ ಆ ಹಗ್ಗದ ಗಂಟುಗಳೇ ಕಾಣುತ್ತವೆ.

ಇತಿಹಾಸ ಸಾಕು. ಒಗ್ಗಿಕೊಂಡ ಕಥೆ ಹೇಳುತ್ತೇನೆ. ಮೊದಲ ವಾರವೆಲ್ಲ ನನ್ನ ಎಡಗಾಲು ಇಲ್ಲದ ಕಿಕ್ಕರನ್ನು ಹುಡುಕುತ್ತಿತ್ತು. ಈ ಗಾಡಿಗೆ ಕಿಕ್ಕರೇ ಇಲ್ಲ, ಗುಂಡಿ ಒತ್ತಿದರೆ ಆಯಿತು. ಯೆಜ್ಡಿಯ ಎರಡು ಸ್ಟ್ರೋಕಿನ ಎಂಜಿನ್ನಿಗೆ ಥ್ರಾಟಲ್ ಬಿಟ್ಟರೂ ಗಾಡಿಯನ್ನು ಹಿಡಿದು ನಿಲ್ಲಿಸುವ ಗುಣ ಕಡಿಮೆ, ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಕಿತ್ತು. ಇದರಲ್ಲಿ ಎರಡನೆಯ ಗೇರಿನಲ್ಲಿಟ್ಟು ಥ್ರಾಟಲ್ ಬಿಟ್ಟರೆ ಎಂಜಿನ್ನೇ ಲಗಾಮು. ಹುಲಿಕಲ್ ಘಾಟಿಯನ್ನು ಇಳಿಯುವಾಗ ಇದು ತಿಳಿದು ಮನಸ್ಸು ಹಗುರಾಯಿತು. ದೊಡ್ಡ ಮುಂಚಕ್ರ ಗುಂಡಿಗಳನ್ನು ನುಂಗಿಕೊಂಡು ಹೋಗುತ್ತದೆ ನಿಜ, ಆದರೆ ತಿರುವಿಗೆ ನಿಧಾನವಾಗಿ ಒಲಿಯುತ್ತದೆ. ಹಳೆಯ ವಿದ್ಯಾರ್ಥಿಗಳ ಪೈಕಿ ಕೆಲವರಂತೆ, ಹೇಳಿದ್ದು ಒಂದು ಕ್ಷಣ ಬಿಟ್ಟು ಅರ್ಥವಾಗುತ್ತದೆ.

ನಿಜವಾದ ಕಷ್ಟ ತೂಕದ್ದು. ಯೆಜ್ಡಿ ಸುಮಾರು 140 ಕಿಲೋ, ಇದು 190ಕ್ಕೂ ಮಿಗಿಲು. ನನ್ನ ಎತ್ತರ ಐದಡಿ ನಾಲ್ಕಿಂಚು. ಸೀಟಿನ ಮೇಲೆ ಕುಳಿತರೆ ಎರಡೂ ಕಾಲಿನ ಬೆರಳ ತುದಿಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಓಡುತ್ತಿರುವಾಗ ತೂಕವೇ ತಿಳಿಯುವುದಿಲ್ಲ, ನಿಂತಾಗಲೇ ಅದರ ಲೆಕ್ಕ ಕೊಡಬೇಕು. ಜುಲೈ ತಿಂಗಳಿನ ಒಂದು ಬೆಳಿಗ್ಗೆ ನಮ್ಮ ಮನೆಯ ಅಂಗಳಕ್ಕೆ ತಿರುಗುವ ಜಂಬಿಟ್ಟಿಗೆಯ ಇಳಿಜಾರಿನಲ್ಲಿ, ಹಾವಸೆ ಕಟ್ಟಿದ್ದ ಕಡೆ, ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕು ಹಿಡಿದೆ. ಮಾಡಬಾರದ ಕೆಲಸ. ಗಾಡಿ ನಿಧಾನವಾಗಿ, ಬಹಳ ಗೌರವದಿಂದ ಎಂಬಂತೆ, ಎಡಕ್ಕೆ ಮಲಗಿತು. ನನಗೆ ಪೆಟ್ಟಾಗಲಿಲ್ಲ. ಆದರೆ ಅದನ್ನು ಎತ್ತಲು ಮೂರು ಸಲ ಪ್ರಯತ್ನಿಸಿ ಆಗದೆ, ಮಳೆಯಲ್ಲಿ ಅದರ ಪಕ್ಕದಲ್ಲೇ ಕುಳಿತುಬಿಟ್ಟೆ. ಅಡಿಕೆ ತೋಟಕ್ಕೆ ಹೊರಟಿದ್ದ ಇಬ್ಬರು ಬಂದು ಎತ್ತಿಕೊಟ್ಟರು. ಅವರಲ್ಲೊಬ್ಬ, "ಮೇಷ್ಟ್ರೇ, ನಿಮಗೆ ಸ್ಕೂಟರೇ ಸಾಕಿತ್ತು" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಆ ರಾತ್ರಿ ಮಾರಿಬಿಡುವುದೆಂದು ನಿಶ್ಚಯಿಸಿದ್ದೆ. ಬೆಳಿಗ್ಗೆ ಗ್ಯಾರೇಜಿನ ಶಿಷ್ಯನಿಗೆ ಹೇಳಿದಾಗ ಅವನು ಏನೂ ಮಾತಾಡದೆ ತನ್ನ ಅಂಗಳದಲ್ಲಿ ಗಾಡಿಯನ್ನು ಬೇಕೆಂದೇ ಮಲಗಿಸಿದ. "ಸರ್, ತೋಳಿನಲ್ಲಿ ಎತ್ತಬೇಡಿ, ಕಾಲಿನಲ್ಲಿ ಎತ್ತಿ" ಎಂದ. ಮೊದಲು ಎಂಜಿನ್ ಆರಿಸಿ, ಜಾರದಂತೆ ಗೇರಿನಲ್ಲಿಡುವುದು. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸುವುದು. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದು, ಬೆನ್ನನ್ನು ನೆಟ್ಟಗಿಟ್ಟು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳುತ್ತ ಏಳುವುದು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡನ್ನು ಹೊರಕ್ಕೆ ಎಳೆದಿರಬೇಕು, ಇಲ್ಲವಾದರೆ ಎತ್ತಿದ ಗಾಡಿ ಆಚೆ ಬದಿಗೆ ಬೀಳುತ್ತದೆ. ಎರಡನೆಯ ಪ್ರಯತ್ನದಲ್ಲಿ ಎದ್ದುನಿಂತಿತು. ನಾನು ಅವನಿಗೆ ಕಲಿಸಿದ ಯಾವುದೂ ಅವನಿಗೆ ಇಷ್ಟು ಉಪಯೋಗಕ್ಕೆ ಬಂದಿರಲಾರದು.

ಮಾರ್ಪಾಡುಗಳು ಆ ದಿನದಿಂದಲೇ ಶುರುವಾದವು. ಊರೆಬ್ಬಿಸುವ ಸೈಲೆನ್ಸರ್ ಹೋಗಿ ಮೂಲದ್ದು ಬಂತು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಗಳಿಗೆ ಹೊರತಾದ ಬದಲಾವಣೆಗಳನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿದಿದೆ. ಕಾನೂನಿಲ್ಲದಿದ್ದರೂ ತೆಗೆಸುತ್ತಿದ್ದೆನೆನ್ನಿ, ನಮ್ಮ ಓಣಿಯಲ್ಲಿ ತೊಟ್ಟಿಲ ಮಕ್ಕಳಿದ್ದಾರೆ. ಬ್ಯಾಟರಿಗೆ ನೇರವಾಗಿ ತಗುಲಿಸಿದ್ದ ಫಾಗ್ ಲ್ಯಾಂಪುಗಳ ತಂತಿಗಳನ್ನು ಬಿಚ್ಚಿದಾಗ, ಪ್ರತಿ ಮೂರನೆಯ ದಿನ ಬ್ಯಾಟರಿ ಏಕೆ ಇಳಿಯುತ್ತಿತ್ತೆಂಬುದೂ ಬಯಲಾಯಿತು. ಬೀರು ಇಳಿಯಿತು. ಹ್ಯಾಂಡಲ್ ಅಲುಗಾಡುತ್ತಿದ್ದುದರಿಂದ ಸವೆದ ಕೋನ್ ಸೆಟ್ ಬದಲಾಯಿತು. ಸೀಟನ್ನು ಕುಶನ್ ಅಂಗಡಿಗೆ ಒಯ್ದು, ಮುಂಭಾಗದ ಸ್ಪಂಜನ್ನು ಒಂದಿಂಚು ಕೆತ್ತಿಸಿ, ತೊಡೆ ತಾಗುವ ಅಂಚುಗಳನ್ನು ಕಿರಿದು ಮಾಡಿಸಿದೆ. ಎತ್ತರ ಇಳಿದದ್ದಕ್ಕಿಂತ ಅಂಚು ಕಿರಿದಾದದ್ದೇ ಹೆಚ್ಚು ಉಪಕಾರ, ಕಾಲು ಅಗಲಿಸಬೇಕಾದ ಅಗತ್ಯ ತಪ್ಪಿ ಪಾದ ನೇರ ನೆಲ ಮುಟ್ಟುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಸಡಿಲಿಸಿ ಇನ್ನಷ್ಟು ತಗ್ಗಿಸಲು ಹೋದೆ. ಆಗ ಹೆಡ್‌ಲೈಟಿನ ಬೆಳಕು ಅಡಿಕೆ ಮರದ ಗೊನೆಗಳನ್ನು ತೋರಿಸತೊಡಗಿತು, ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ತೀರ ನೆಟ್ಟಗೆ ನಿಂತು ಆಚೆಗೆ ಬೀಳುವ ಹಾಗಾಯಿತು. ಒಂದನ್ನು ತಿದ್ದಿದರೆ ಇನ್ನೆರಡು ಕೆಡುತ್ತವೆ. ಮತ್ತೆ ಬಿಗಿಸಿದೆ.

ಇಷ್ಟೆಲ್ಲ ಆದರೂ ನನ್ನ ಪತ್ನಿ ಮಾತ್ರ ಹಿಂದೆ ಕೂರಲೊಲ್ಲಳು. ಮಂಡಿನೋವು ಎಂದಳು, ಎತ್ತರ ಎಂದಳು. ಗಾಡಿ ಮನೆಗೆ ಬಂದ ದಿನ ಆಕೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಡಗಡೆ ಒಂದು ಕ್ಷಣ ನಿಂತು, ಏನೂ ಹೇಳದೆ ಒಳಗೆ ಹೋಗಿದ್ದಳು. ಅದರ ಅರ್ಥ ನನಗೆ ಹೊಳೆದದ್ದು ಆಗಸ್ಟಿನಲ್ಲಿ, ಚೈನಿಗೆ ಎಣ್ಣೆ ಬಿಡಲೆಂದು ಎಡಬದಿಯಲ್ಲಿ ನೆಲದ ಮೇಲೆ ಕುಳಿತಾಗ. ನನ್ನ ಮೂಗಿನ ನೇರಕ್ಕೆ ಹಿಂದಿನ ಚಕ್ರದ ಕಡ್ಡಿಗಳು ಬರಿದಾಗಿ ತಿರುಗುತ್ತಿದ್ದವು. ಬೆಂಗಳೂರಿನ ಹುಡುಗನೂ ಸೀರೆ ಗಾರ್ಡನ್ನು ಬಿಚ್ಚಿಸಿಬಿಟ್ಟಿದ್ದ. ಐದು ತಿಂಗಳು ಅದೇ ಬದಿಯಿಂದ ಗಾಡಿ ಹತ್ತಿ ಇಳಿದ ನಾನು ಅದನ್ನು ಕಂಡಿರಲಿಲ್ಲ. ಸೈಲೆನ್ಸರಿನ ಕಾನೂನನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ, ಹಿಂದೆ ಕೂರುವವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮರೆಮಾಡುವ ರಕ್ಷಣೆ ಇರಲೇಬೇಕೆನ್ನುತ್ತದೆ. ಆ ನಿಯಮ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಅದರ ಅರ್ಥ ನಮ್ಮ ಮನೆಗೆ ತಿಳಿದಿತ್ತು.

ಅಂದೇ ಸಾಗರಕ್ಕೆ ಹೋದೆ. ಗಾರ್ಡು ಶಿವಮೊಗ್ಗದಿಂದ ಬರಬೇಕಾಗಿ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಗಾಡಿಯನ್ನು ಹೊರಗೆ ತೆಗೆಯಲಿಲ್ಲ. ಹಾಕಿಸಿ ತಂದು ಅಂಗಳದಲ್ಲಿ ನಿಲ್ಲಿಸಿದಾಗ ಆಕೆ ಜಗಲಿಯ ಮೇಲಿಂದ ನೋಡಿದಳು. "ಮರಳಿ ಸಿಕ್ಕಿತಲ್ಲ" ಎಂದಳು. ಅಷ್ಟೇ.

ಗೌರಿಹಬ್ಬ ಕಳೆದ ಮೇಲೆ ಒಂದು ಬಿಸಿಲ ದಿನ, ಗಾಡಿಯನ್ನು ಜಗಲಿಯ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದೆ. ಆ ಎತ್ತರದಿಂದ ಹತ್ತುವುದು ಸುಲಭ. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನ ಪಟ್ಟಿಯನ್ನು ನನ್ನಿಂದ ಹಾಕಿಸಿಕೊಂಡು, ಒಂದು ಬದಿಗೆ ಕುಳಿತು, ಎಡಗೈಯಿಂದ ಹಿಂದಿನ ಕಂಬಿಯನ್ನು ಹಿಡಿದಳು. ಇಕ್ಕೇರಿಯ ಅಘೋರೇಶ್ವರ ದೇವಾಲಯದವರೆಗೆ ಮೂರನೆಯ ಗೇರಿಗಿಂತ ಮೇಲೆ ಹೋಗಲಿಲ್ಲ. ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ದೇವಾಲಯದ ಮುಂದೆ ಇಳಿಯುವಾಗ ಮಾತ್ರ, "ಈ ಫುಟ್‌ರೆಸ್ಟ್ ಎರಡು ಬೆರಳಷ್ಟು ಕೆಳಗಿದ್ದರೆ ಮಂಡಿಗೆ ಅನುಕೂಲ ಆಗ್ತಿತ್ತು ನೋಡಿ" ಎಂದಳು.

ಸೋಮವಾರ ಗ್ಯಾರೇಜು ತೆರೆಯುತ್ತದೆ. ಹಿಂದಿನ ಫುಟ್‌ರೆಸ್ಟ್ ಇಳಿಸಲಾಗದಿದ್ದರೆ ಸೀಟಿನ ಹಿಂಭಾಗಕ್ಕೆ ಎರಡು ಬೆರಳು ದಪ್ಪದ ಸ್ಪಂಜು ಸೇರಿಸಬೇಕು. ಮುಂಭಾಗದಿಂದ ಕೆತ್ತಿದ ತುಂಡನ್ನು ಕುಶನ್ ಅಂಗಡಿಯವನು ಎಸೆದಿರದಿದ್ದರೆ ಅದೇ ಆದೀತು.